ಸೆಕೆಂಡ್ ಹ್ಯಾಂಡ್ ರೇಸಿಂಗ್ ಗ್ಲೈಡರ್: ಎಲ್‌ಎಸ್4, ಡಿಸ್ಕಸ್, ಎಎಸ್‌ಡಬ್ಲ್ಯು 20, ಎಲ್‌ಎಸ್8, ಎಎಸ್‌ಡಬ್ಲ್ಯು 27. ಯಾವುದು ನಿಮಗೆ?

ಕೆಲಸಕ್ಕೆಂದು ಜರ್ಮನಿಗೆ ಬಂದು, ವಾರಾಂತ್ಯದಲ್ಲಿ ಕ್ಲಬ್ ಸೇರಿ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಲೈಸೆನ್ಸ್ ಮಾಡಿಕೊಂಡವರ ತಲೆಯಲ್ಲಿ ಸ್ವಲ್ಪ ದಿನಕ್ಕೇ ಒಂದು ಹುಳ ಕೊರೆಯತೊಡಗುತ್ತದೆ. ನನ್ನದೇ ಒಂದು ಗ್ಲೈಡರ್ ಇದ್ದಿದ್ದರೆ! ಕ್ಲಬ್ಬಿನ ಒಳ್ಳೇ ಗ್ಲೈಡರಿಗೆ ಯಾವಾಗಲೂ ಸರದಿ ಇರುತ್ತದೆ. ಒಳ್ಳೇ ಹವಾಮಾನದ ದಿನ 500 ಕಿಲೋಮೀಟರ್ ಹಾರೋಣ ಅಂತ ಹೊರಟರೆ, ಮಧ್ಯಾಹ್ನ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಊರಲ್ಲಿ ಈ ಪ್ರಶ್ನೆ ಏಳುವುದೇ ಕಮ್ಮಿ. ಅಲ್ಲಿ ಗ್ಲೈಡಿಂಗ್ ಅಂದರೆ ಪುಣೆಯ ಹಡಪ್ಸರ್‌ನಂಥ ಬೆರಳೆಣಿಕೆಯ ಜಾಗಗಳು. ಜರ್ಮನಿಯ ಕಥೆಯೇ ಬೇರೆ. ಹಳೇ ರೇಸಿಂಗ್ ಗ್ಲೈಡರ್‌ಗಳ ದೊಡ್ಡ ಸಂತೆ ಇಲ್ಲೇ ಇದೆ, ಅವನ್ನು ಕಟ್ಟಿದ ಕಾರ್ಖಾನೆಗಳೂ ಇಲ್ಲೇ ಇವೆ. ಷ್ಲೈಷರ್ ಇರುವುದು ವಾಸರ್‌ಕುಪ್ಪೆ ಬೆಟ್ಟದ ಬುಡದ ಪೊಪ್ಪೆನ್‌ಹೌಸೆನ್‌ನಲ್ಲಿ. ಷೆಂಪ್-ಹಿರ್ಟ್ ಇರುವುದು ಕಿರ್ಷ್‌ಹೈಮ್ ಉಂಟರ್ ಟೆಕ್‌ನಲ್ಲಿ.

ಮಾದರಿಗಳ ಮಾತಿಗೆ ಮುಂಚೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೊಳ್ಳುವವರು ತಿಂಗಳುಗಟ್ಟಲೆ ಗ್ಲೈಡ್ ರೇಶಿಯೋ ಲೆಕ್ಕ ಹಾಕುತ್ತಾರೆ. ರೆಕ್ಕೆಯ ಮೇಲ್ಮೈ, ದಾಖಲೆ, ಟ್ರೇಲರ್ ಈ ಮೂರನ್ನು ನೋಡುವುದಕ್ಕೆ ಅರ್ಧ ಗಂಟೆಯೂ ಕೊಡುವುದಿಲ್ಲ. ಇದು ಉಲ್ಟಾ ಆಗಬೇಕು. ಚೆನ್ನಾಗಿಟ್ಟುಕೊಂಡ ಎಲ್‌ಎಸ್4, ಬಿರುಕು ಬಿಟ್ಟ ಎಲ್‌ಎಸ್8ಗಿಂತ ಮೇಲು. ಅದರಲ್ಲಿ ನನಗೆ ಅನುಮಾನವಿಲ್ಲ.

ಸಂಖ್ಯೆಗಳು ಹೇಳುವುದೇನು

ಗ್ಲೈಡ್ ರೇಶಿಯೋ 40 ಅಂದರೆ, ಗಾಳಿ ಅಲುಗದಿರುವಾಗ 1 ಕಿಲೋಮೀಟರ್ ಎತ್ತರದಿಂದ 40 ಕಿಲೋಮೀಟರ್ ದೂರ ಜಾರಬಹುದು ಅಂತ. ಎಲ್‌ಎಸ್4ಕ್ಕೆ ಇದು ಸುಮಾರು 40, ಡಿಸ್ಕಸ್‌ಗೆ 42ರ ಆಸುಪಾಸು, ಎಎಸ್‌ಡಬ್ಲ್ಯು 20ಕ್ಕೂ ಹೆಚ್ಚುಕಮ್ಮಿ ಅಷ್ಟೇ. ಎಲ್‌ಎಸ್8ಕ್ಕೆ 43, ಎಎಸ್‌ಡಬ್ಲ್ಯು 27ಕ್ಕೆ 48. ಎಲ್ಲವೂ 15 ಮೀಟರ್ ರೆಕ್ಕೆಯವು.

ಆದರೆ ಈ ಲೆಕ್ಕ ಗಂಟೆಗೆ 100-110 ಕಿಲೋಮೀಟರ್‌ನಂಥ ನಿಧಾನದ ವೇಗದ್ದು. ರೇಸ್‌ನಲ್ಲಿ ಒಂದು ಥರ್ಮಲ್‌ನಿಂದ (ಮೇಲೇರುವ ಬಿಸಿಗಾಳಿಯ ಕಂಬ) ಇನ್ನೊಂದಕ್ಕೆ ಓಡುವಾಗ 150-180ರಲ್ಲಿ ಇರುತ್ತೀರಿ. ನಿಜವಾದ ವ್ಯತ್ಯಾಸ ಕಾಣುವುದು ಅಲ್ಲಿ. ಇನ್ನೊಂದು ವಿಷಯವೂ ಇದೆ. ರೆಕ್ಕೆಯ ಮುಂಚೂಣಿ ಅಂಚಿಗೆ ಹುಳುಗಳು ಅಂಟಿಕೊಂಡರೆ, ಅಥವಾ ಮಳೆ ಹನಿ ಬಿದ್ದರೆ, ಎಲ್‌ಎಸ್4ಕ್ಕೂ ಡಿಸ್ಕಸ್‌ಗೂ ಇರುವ ಆ 2 ಅಂಕ ಮಧ್ಯಾಹ್ನದೊಳಗೆ ಮಾಯ. ಅದಕ್ಕೇ ರೇಸ್‌ನವರು ಹಾರುತ್ತಲೇ ರೆಕ್ಕೆ ಒರೆಸುವ ಪುಟ್ಟ ಹುಳ-ಒರೆಸುಕ ಹಾಕಿಸಿಕೊಳ್ಳುತ್ತಾರೆ. ದಾರ ಬಿಟ್ಟರೆ ಗಾಳಿಯ ಬಲಕ್ಕೆ ಅದು ರೆಕ್ಕೆಯ ತುದಿವರೆಗೂ ಓಡುತ್ತದೆ, ದಾರ ಎಳೆದರೆ ವಾಪಸ್ ಬರುತ್ತದೆ.

ಫ್ಲಾಪ್ ಬೇಕೋ ಬೇಡವೋ

ಫ್ಲಾಪ್ ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಬಾಗಿಸಬಹುದಾದ ಪಟ್ಟಿ. ಮೊದಲು ತೀರ್ಮಾನ ಮಾಡಬೇಕಾದ್ದು ಇದು. ಮಾದರಿಯ ಹೆಸರು ಆಮೇಲೆ.

ಸ್ಪರ್ಧೆಯ ಭಾಷೆಯಲ್ಲಿ ಸ್ಟಾಂಡರ್ಡ್ ಕ್ಲಾಸ್ ಅಂದರೆ 15 ಮೀಟರ್ ರೆಕ್ಕೆ, ಫ್ಲಾಪ್ ಇಲ್ಲ. ಎಲ್‌ಎಸ್4, ಡಿಸ್ಕಸ್, ಎಲ್‌ಎಸ್8 ಈ ಸಾಲಿನವು. 15 ಮೀಟರ್ ಕ್ಲಾಸ್‌ನಲ್ಲಿ ಫ್ಲಾಪ್ ಇರಬಹುದು. ಎಎಸ್‌ಡಬ್ಲ್ಯು 20, ಎಎಸ್‌ಡಬ್ಲ್ಯು 27 ಅಲ್ಲಿಗೆ ಸೇರಿದವು. ಥರ್ಮಲ್‌ನಲ್ಲಿ ಸುತ್ತುವಾಗ ಫ್ಲಾಪ್ ಕೆಳಗೆ, ಓಡುವಾಗ ಸ್ವಲ್ಪ ಮೇಲೆ. ಹೀಗೆ ರೆಕ್ಕೆಯ ಬಾಗು ವೇಗಕ್ಕೆ ತಕ್ಕಂತೆ ಬದಲಾಗುತ್ತದೆ. ಹೆಚ್ಚಿನ ವೇಗದಲ್ಲಿ ಇದರಿಂದ ಸಿಗುವ ಲಾಭ ನಿಜವಾದದ್ದೇ.

ಅದಕ್ಕೆ ತೆರುವ ಬೆಲೆ ಏನು? ಕೈಗೆ ಒಂದು ಲಿವರ್ ಜಾಸ್ತಿ, ತಲೆಗೆ ಒಂದು ಕೆಲಸ ಜಾಸ್ತಿ. ಎಎಸ್‌ಡಬ್ಲ್ಯು 20ರ ಲ್ಯಾಂಡಿಂಗ್ ಫ್ಲಾಪ್ ತುಂಬಾ ಆಳಕ್ಕೆ ಇಳಿಯುತ್ತದೆ. ಸಣ್ಣ ಹೊಲದಲ್ಲಿ ಇಳಿಯಲು ಅದು ವರ. ಆದರೆ ನೆಲದ ಹತ್ತಿರ ಬಂದಾಗ ಗಾಬರಿಯಲ್ಲಿ ಫ್ಲಾಪ್ ಮತ್ತೆ ಮೇಲಕ್ಕೆ ಎತ್ತಿದರೆ ಗ್ಲೈಡರ್ ದಢಕ್ಕನೆ ಕೆಳಗಿಳಿಯುತ್ತದೆ. ವರ್ಷಕ್ಕೆ ಹದಿನೈದು ಇಪ್ಪತ್ತು ಹಾರಾಟ ಮಾಡುವವರು ಫ್ಲಾಪ್ ಗ್ಲೈಡರ್ ಕೊಂಡರೆ ಪ್ರತಿ ಸಲವೂ ಮೊದಲಿನಿಂದ ಕಲಿತಂತೆ. ನಿಯಮಿತವಾಗಿ ಹಾರುವವರಿಗೆ ಇದು ತೊಂದರೆಯೇ ಅಲ್ಲ.

ಒಂದೊಂದಾಗಿ

ಎಲ್‌ಎಸ್4. ಎಗೆಲ್ಸ್‌ಬಾಖ್‌ನ ರೋಲಾಡೆನ್-ಷ್ನೈಡರ್ ಕಂಪನಿ ಕಟ್ಟಿದ್ದು. ಮೂಲತಃ ಇವರದ್ದು ಕಿಟಕಿಗಳಿಗೆ ಉರುಳು ಷಟರ್ ಮಾಡುವ ಉದ್ಯೋಗ! ಮೊದಲ ಹಾರಾಟ 1980ರಲ್ಲಿ, ಕಟ್ಟಿದ್ದು 1000ಕ್ಕೂ ಹೆಚ್ಚು. ಹಾಗಾಗಿ ಮಾರುಕಟ್ಟೆಯಲ್ಲಿ ಸದಾ ಸಿಗುತ್ತದೆ, ಅದನ್ನು ಹಾರಿಸಿದವರೂ ಎಲ್ಲ ಕ್ಲಬ್ಬಿನಲ್ಲಿ ಸಿಗುತ್ತಾರೆ. ಸ್ವಭಾವ ಸಾಧು, ಕಾಕ್‌ಪಿಟ್ ವಿಶಾಲ. ವೇಗವಾಗಿ ಓಡಲೆಂದು ತುಂಬುವ ನೀರಿನ ಭಾರ (ಬ್ಯಾಲಸ್ಟ್) ರೆಕ್ಕೆಯೊಳಗೆ ಚೀಲಗಳಲ್ಲಿ ಇರುತ್ತದೆ. ಚೀಲ ಹಳತಾದರೆ ಸೋರುತ್ತದೆ, ಅದನ್ನು ಕೇಳಲೇಬೇಕು. ಮೊದಲ ಸ್ವಂತ ಗ್ಲೈಡರಿಗೆ ನನ್ನ ಮತ ಇದಕ್ಕೇ. ಬೇಸರ ಬಂದಾಗ ಮಾರಿದರೆ ಕೊಟ್ಟ ಹಣ ಬಹಳಷ್ಟು ವಾಪಸ್ ಬರುತ್ತದೆ.

ಡಿಸ್ಕಸ್. ಷೆಂಪ್-ಹಿರ್ಟ್‌ನ ಕ್ಲಾಸ್ ಹೋಲಿಘೌಸ್ ವಿನ್ಯಾಸ, 1984. ಮರುವರ್ಷವೇ ಇಟಲಿಯ ರಿಯೇಟಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಟಾಂಡರ್ಡ್ ಕ್ಲಾಸ್ ಗೆದ್ದದ್ದು ಇದರಲ್ಲೇ, ಲಿಯೊನಾರ್ಡೊ ಬ್ರಿಗ್ಲಿಯಾಡೊರಿ. ಎಲ್‌ಎಸ್4ಕ್ಕಿಂತ ಚುರುಕು, ಥರ್ಮಲ್‌ನಲ್ಲಿ ಸೊಗಸು. ಇಲ್ಲಿ ಒಂದು ಅಕ್ಷರ ಗಮನಿಸಿ. ಡಿಸ್ಕಸ್ 'ಎ'ಯ ದೇಹ ಕಿರಿದು, 'ಬಿ'ಯದು ಅಗಲ. ಜಾಹೀರಾತಿನಲ್ಲಿ ಬರೀ ಡಿಸ್ಕಸ್ ಅಂತಿದ್ದರೆ ಯಾವುದು ಅಂತ ಕೇಳಿ. ಪ್ಯಾರಾಶೂಟ್ ಕಟ್ಟಿಕೊಂಡು ಒಳಗೆ ಕೂತು, ಕ್ಯಾನೊಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಮುಚ್ಚಿ ಐದು ನಿಮಿಷ ಇರಿ. ಭುಜ ತಾಗಿದರೆ ಐದು ಗಂಟೆಯ ಹಾರಾಟ ಹೇಗಿರುತ್ತೆ ಅಂತ ಗೊತ್ತಾಗುತ್ತದೆ.

ನಮ್ಮಲ್ಲಿ ಕೆಲವರಿಗೆ ಉಲ್ಟಾ ಸಮಸ್ಯೆ. 60 ಕಿಲೋ ತೂಗುವವರು ಬಹಳ ಜನ. ಹೆಚ್ಚಿನ ಗ್ಲೈಡರ್‌ಗಳಲ್ಲಿ ಪ್ಯಾರಾಶೂಟ್ ಸೇರಿ ಸೀಟಿನ ಕನಿಷ್ಠ ತೂಕ 70 ಕಿಲೋ ಆಸುಪಾಸು ಇರುತ್ತದೆ. ನಿಖರವಾದ ಸಂಖ್ಯೆ ಕಾಕ್‌ಪಿಟ್‌ನ ಫಲಕದಲ್ಲೇ ಬರೆದಿರುತ್ತದೆ. ಅದಕ್ಕಿಂತ ಕಮ್ಮಿ ಇದ್ದವರು ಸೀಸದ ತುಂಡು ಹಾಕಲೇಬೇಕು, ಇಲ್ಲವಾದರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ಗ್ಲೈಡರ್ ಮಾತು ಕೇಳುವುದಿಲ್ಲ. ಸೀಸ ಬಿಗಿಯುವ ಜಾಗ ಇದೆಯಾ, ಸೀಸ ಜೊತೆಗೆ ಕೊಡುತ್ತಾರಾ ಅಂತ ಕೇಳಿ.

ಎಎಸ್‌ಡಬ್ಲ್ಯು 20. ಷ್ಲೈಷರ್‌ನ ಗೆರ್ಹಾರ್ಡ್ ವೈಬೆಲ್ 1977ರಲ್ಲಿ ಹಾರಿಸಿದ ಗ್ಲೈಡರ್. ಫ್ರಾನ್ಸ್‌ನಲ್ಲಿ ಸಾಂತ್ರೇರ್ ಕಂಪನಿಯೂ ಪರವಾನಗಿ ಪಡೆದು ಕಟ್ಟಿತು. ಇಷ್ಟು ವಯಸ್ಸಾದರೂ ಇವತ್ತಿಗೂ ಕ್ಲಬ್ ಕ್ಲಾಸ್ ಸ್ಪರ್ಧೆಗಳಲ್ಲಿ ಕಾಣಸಿಗುತ್ತದೆ. ಅಲ್ಲಿ ಪ್ರತಿ ಮಾದರಿಗೂ ಒಂದು ಹ್ಯಾಂಡಿಕ್ಯಾಪ್ ಅಂಕ ಇರುತ್ತದೆ, ಹಾಗಾಗಿ ಹಳೇ ಗ್ಲೈಡರ್ ಇಟ್ಟುಕೊಂಡೇ ಗೆಲ್ಲಬಹುದು. ಕೊಟ್ಟ ಹಣಕ್ಕೆ ಸಿಗುವ ಓಟ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ. ಆದರೆ ಫ್ಲಾಪ್ ಮತ್ತು ಏಲರಾನ್ (ಗ್ಲೈಡರ್ ಪಕ್ಕಕ್ಕೆ ವಾಲಿಸುವ, ರೆಕ್ಕೆ ತುದಿಯ ಪಟ್ಟಿ) ಕೂಡಿಸುವ ಕಡ್ಡಿಗಳ ಜಾಲ ಸವೆದಿರುತ್ತದೆ. ಏಲರಾನ್‌ನ ಹಿಂದಂಚನ್ನು ಮೆತ್ತಗೆ ಹಿಡಿದು ಅಲ್ಲಾಡಿಸಿ. ಎಷ್ಟು ಸಡಿಲ ಇರಬಹುದು ಅನ್ನುವುದು ನಿರ್ವಹಣೆ ಕೈಪಿಡಿಯಲ್ಲಿ ಮಿಲಿಮೀಟರ್‌ನಲ್ಲಿ ಕೊಟ್ಟಿದೆ. ಅಳೆದು ನೋಡಿ.

ಎಲ್‌ಎಸ್8 ಎಂಬುದು ಹೆಚ್ಚುಕಮ್ಮಿ ಎಲ್‌ಎಸ್6ರ ಫ್ಲಾಪ್ ತೆಗೆದ ರೂಪ, 1990ರ ದಶಕದ ಮಧ್ಯದ್ದು. ಓಡುವಾಗ ಡಿಸ್ಕಸ್‌ಗಿಂತ ಒಂದು ಮೆಟ್ಟಿಲು ಮೇಲೆ. ಹಾರಿಸುವುದು ಎಲ್‌ಎಸ್4ರಷ್ಟೇ ಸುಲಭ. 18 ಮೀಟರ್ ತುದಿಗಳೂ ಸಿಗುತ್ತವೆ. ಹಣವಿದ್ದರೆ, ಫ್ಲಾಪ್ ಬೇಡವಾದರೆ, ಇದಕ್ಕಿಂತ ಮುಂದೆ ಹುಡುಕಬೇಡಿ. ಎಎಸ್‌ಡಬ್ಲ್ಯು 27 ಬಂದದ್ದು 1995ರಲ್ಲಿ, ವೈಬೆಲ್ ಕೈಯದ್ದೇ. ಸ್ಪರ್ಧೆಯೇ ಗುರಿ ಆದವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ಡಿಜಿ-300 ಸಿಕ್ಕರೆ? ಚೆಂದದ ಗ್ಲೈಡರ್, ಆಗಿನ ಯುಗೊಸ್ಲಾವಿಯಾದ ಎಲಾನ್ ಕಾರ್ಖಾನೆಯಲ್ಲಿ ಕಟ್ಟಿದ್ದು. 2007ರಲ್ಲಿ ಅದರ ಮುಖ್ಯ ಸ್ಪಾರ್‌ನಲ್ಲಿ (ರೆಕ್ಕೆಯೊಳಗಿನ ತೊಲೆ) ತಯಾರಿಕೆಯ ದೋಷ ಕಂಡುಬಂದು ಹಾರಾಟಕ್ಕೆ ಮಿತಿಗಳು ಬಂದವು. ನಿಮ್ಮ ಕಣ್ಣಿಗೆ ಬಿದ್ದ ಗ್ಲೈಡರಿನ ಸ್ಪಾರ್ ತಪಾಸಣೆ ಆಗಿದೆಯಾ, ಈಗ ಯಾವ ಮಿತಿಯಲ್ಲಿ ಹಾರಬೇಕು ಎಂಬ ಕಾಗದ ಕೈಗೆ ಬಾರದೆ ಮಾತು ಮುಂದುವರಿಸಬೇಡಿ.

ಬೆಲೆ ಅಂದಾಜಿಗೆ ಹೇಳುವುದಾದರೆ, ಹಾರುವ ಸ್ಥಿತಿಯ ಎಲ್‌ಎಸ್4 ಸುಮಾರು 20,000 ಯೂರೋ ಆಚೀಚೆಯಿಂದ ಶುರುವಾಗುತ್ತದೆ. ಎಎಸ್‌ಡಬ್ಲ್ಯು 27 ಅದರ ಎರಡು ಮೂರು ಪಟ್ಟು. ಮಿಕ್ಕವು ಈ ನಡುವೆ. ಉಪಕರಣ, ಟ್ರೇಲರ್, ಮೇಲ್ಮೈ ನೋಡಿ ಏರುಪೇರು ಆಗುತ್ತದೆ.

ಬೆಲೆಯಲ್ಲಿ ಕಾಣದ ಒಂದು ವ್ಯತ್ಯಾಸ ಅಪಘಾತದಲ್ಲಿ ಕಾಣುತ್ತದೆ. ಪೈಲಟ್‌ನ ಕಾಲು ಸೊಂಟ ಉಳಿಸುವಂತೆ ಕಾಕ್‌ಪಿಟ್ ವಿನ್ಯಾಸ ಮಾಡುವ ಯೋಚನೆ ಗಟ್ಟಿಯಾಗಿ ಬಂದದ್ದು 1987ರ ಎಎಸ್‌ಡಬ್ಲ್ಯು 24ರಿಂದ. ಎಎಸ್‌ಡಬ್ಲ್ಯು 27 ಅದೇ ದಾರಿಯದ್ದು. ಎಲ್‌ಎಸ್4, ಎಎಸ್‌ಡಬ್ಲ್ಯು 20 ಅದಕ್ಕೂ ಹಿಂದಿನವು, ಮೂಗು ತೆಳು. ಮನೆಯವರು ಕೇಳಿದರೆ ಈ ಮಾತನ್ನು ಮುಚ್ಚಿಡಬೇಡಿ.

ಜೆಲ್‌ಕೋಟ್: ಹಣ ನುಂಗುವ ಜಾಗ

ಈ ಗ್ಲೈಡರ್‌ಗಳ ಬಿಳಿ ಹೊರಚರ್ಮ ಪಾಲಿಯೆಸ್ಟರ್ ಜೆಲ್‌ಕೋಟ್. ಒಳಗಿನ ಫೈಬರ್ ಗ್ಲಾಸ್‌ಗೂ ಇದಕ್ಕೂ ಹಿಗ್ಗುವ ಕುಗ್ಗುವ ಗುಣ ಬೇರೆ ಬೇರೆ. ಬಿಸಿಲು, ತೇವ, ಎತ್ತರದ ಕೊರೆಯುವ ಚಳಿ ಸೇರಿ ವರ್ಷಗಳಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಬಿರುಕು ಫೈಬರ್‌ವರೆಗೆ ಇಳಿದರೆ ತೇವ ಒಳಗೆ ಹೋಗುತ್ತದೆ, ಆಗ ಅದು ಬರೀ ಅಂದದ ವಿಷಯವಾಗಿ ಉಳಿಯುವುದಿಲ್ಲ.

ಸರಿ ಮಾಡುವುದು ಅಂದರೆ ಹಳೆಯದನ್ನೆಲ್ಲ ಉಜ್ಜಿ ತೆಗೆದು ಹೊಸದು ಹೊಡೆದು ಮತ್ತೆ ಉಜ್ಜುವುದು. ನೂರಾರು ಗಂಟೆಯ ಕೈಕೆಲಸ. ವರ್ಕ್‌ಶಾಪ್‌ಗೆ ಕೊಟ್ಟರೆ ಬಿಲ್ ಒಂದು ಎಲ್‌ಎಸ್4ರ ಬೆಲೆಗೆ ಹತ್ತಿರ ಬರಬಹುದು. ಸಸ್ತಾ ಸಿಕ್ಕ ಗ್ಲೈಡರ್ ಹೀಗೆ ದುಬಾರಿ ಆಗುತ್ತದೆ.

ನೋಡುವುದು ಹೇಗೆ? ಹ್ಯಾಂಗರ್‌ನ ಬಾಗಿಲು ಮುಚ್ಚಿ, ಟಾರ್ಚನ್ನು ರೆಕ್ಕೆಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ನೇರ ಬೆಳಕಲ್ಲಿ ಕನ್ನಡಿಯಂತೆ ಕಂಡ ರೆಕ್ಕೆ ಓರೆ ಬೆಳಕಲ್ಲಿ ಬೇರೆಯೇ ಮುಖ ತೋರಿಸುತ್ತದೆ. ಸ್ಪಾರ್ ಓಡುವ ಜಾಗದಲ್ಲಿ ಉದ್ದಕ್ಕೂ ಸಣ್ಣ ಉಬ್ಬು, ಏರ್‌ಬ್ರೇಕ್ (ಇಳಿಯುವಾಗ ರೆಕ್ಕೆಯಿಂದ ಮೇಲೇಳುವ ಫಲಕ) ಪೆಟ್ಟಿಗೆಯ ಮೂಲೆಗಳಿಂದ ಹೊರಟ ಗೆರೆಗಳು, ಹಳೇ ರಿಪೇರಿಯ ಅಂಚು ಎಲ್ಲವೂ ಕಾಣುತ್ತವೆ. ಆಮೇಲೆ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಅನ್ನುತ್ತದೆ. ಪದರ ಬಿಟ್ಟುಕೊಂಡಿದ್ದರೆ ಸದ್ದು ಮಂಕು. ಏರ್‌ಬ್ರೇಕ್ ತೆರೆದು ಪೆಟ್ಟಿಗೆಯೊಳಗೆ ಬೆಳಕು ಬಿಡಿ. ನೀರು ನಿಂತ ಕಲೆ, ತುಕ್ಕು ಇದ್ದರೆ ಗ್ಲೈಡರ್ ಒದ್ದೆಯಾಗೇ ಟ್ರೇಲರಿಗೆ ಹೋಗಿದೆ ಅಂತ ಅರ್ಥ.

ಚಕ್ರದ ಗೂಡಿನ ಸುತ್ತ ಬಿರುಕು ಇದ್ದರೆ ಚಕ್ರ ಇಳಿಸದೆ ಇಳಿದಿರಬಹುದು, ಇಲ್ಲವೇ ಜೋರಾಗಿ ಕುಕ್ಕಿರಬಹುದು. ಬಾಲದ ಕೊಳವೆಯ ಸುತ್ತ, ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಬುಡದ ಹತ್ತಿರ ಬಿಳಿ ಗೆರೆ ಕಂಡರೆ ಹೊಲದಲ್ಲಿ ಗಿರಕಿ ಹೊಡೆದಿದೆಯಾ ಅಂತ ವಿಚಾರಿಸಿ. ಹಳೇ ಗ್ಲೈಡರಿಗೆ ರಿಪೇರಿ ಆಗಿದ್ದರೆ ಗಾಬರಿ ಬೇಡ, ದಾಖಲೆ ಇರಬೇಕು ಅಷ್ಟೇ. ದಾಖಲೆ ಇಲ್ಲದ ಹೊಸ ಬಣ್ಣ ಕಂಡರೆ ಮಾತ್ರ ನಾನು ಹಿಂದೆ ಸರಿಯುತ್ತೇನೆ.

ಬಣ್ಣ ಹೊಸದಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಏಲರಾನ್, ಬಾಲದ ರಡ್ಡರ್, ಎಲಿವೇಟರ್‌ಗಳನ್ನು ಬಣ್ಣದ ನಂತರ ತೂಗಿದ್ದಾರಾ? ಕೀಲಿನ ಹಿಂದೆ ತೂಕ ಜಾಸ್ತಿಯಾದರೆ ವೇಗದಲ್ಲಿ ಫ್ಲಟರ್ ಶುರುವಾಗಬಹುದು, ಅಂದರೆ ಆ ಭಾಗ ತಾನಾಗಿ ಪಟಪಟ ಬಡಿದುಕೊಂಡು ಮುರಿದೇ ಹೋಗಬಹುದು. ತೂಕಕ್ಕೂ ಮೊಮೆಂಟ್‌ಗೂ ಮಿತಿ ಕೈಪಿಡಿಯಲ್ಲಿದೆ. ಅಳೆದ ಹಾಳೆ ಕಡತದಲ್ಲಿ ಇರಬೇಕು.

ಕಡತ, ಟ್ರೇಲರ್, ಜೋಡಣೆ

ಲಾಗ್‌ಬುಕ್‌ನಲ್ಲಿ ಗಂಟೆ ನೋಡುವವರು ಲಾಂಚ್ ಎಷ್ಟು ಅಂತಲೂ ನೋಡಬೇಕು. ಕ್ಲಬ್‌ನಲ್ಲಿ ನೆಲದಿಂದ ಹಗ್ಗ ಎಳೆಯುವ ವಿಂಚ್‌ಗೆ ಕಟ್ಟಿ ಸಣ್ಣ ಸಣ್ಣ ಹಾರಾಟ ಮಾಡಿದ್ದಕ್ಕೂ, ಖಾಸಗಿಯಾಗಿ ದೂರ ದೂರ ಹಾರಿದ್ದಕ್ಕೂ ಸವೆತ ಒಂದೇ ಅಲ್ಲ. 3000 ಗಂಟೆ ಸಮೀಪಿಸಿದ ಗ್ಲೈಡರಾದರೆ ಎಚ್ಚರ. ಅಲ್ಲಿ ಸಾಮಾನ್ಯವಾಗಿ ದೊಡ್ಡ ತಪಾಸಣೆ ಬರುತ್ತದೆ, ಅದರ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ತಯಾರಕರ ತಾಂತ್ರಿಕ ಸೂಚನೆಗಳು, ವಾಯುಯಾನ ಪ್ರಾಧಿಕಾರದ ಆದೇಶಗಳು ಒಂದೊಂದಕ್ಕೂ ಸಹಿ ಬಿದ್ದಿದೆಯಾ ನೋಡಿ. ರೋಲಾಡೆನ್-ಷ್ನೈಡರ್ 2003ರಲ್ಲಿ ದಿವಾಳಿಯಾಗಿ ಎಲ್‌ಎಸ್ ಮಾದರಿಗಳು ಡಿಜಿ ಕಂಪನಿಯ ಕೈಗೆ ಬಂದವು. ಹಳೇ ಮಾದರಿಗೆ ಬೆಂಬಲ ಕೊಡಲು ವಾರ್ಷಿಕ ಶುಲ್ಕ ಕೇಳುವ ಪದ್ಧತಿಯೂ ಇದೆ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಟ್ರೇಲರ್ ಬಗ್ಗೆ ಎರಡೇ ಮಾತು. ಒಳಗೆ ಮುಗ್ಗಲು ವಾಸನೆ ಬಂದರೆ ಗ್ಲೈಡರ್ ವರ್ಷಗಟ್ಟಲೆ ಅದೇ ತೇವದಲ್ಲಿ ಮಲಗಿತ್ತು ಅಂತ ಅರ್ಥ. ಟೈರ್‌ನ ಮೇಲಿನ ತಾರೀಖು ಓದಿ. ಜರ್ಮನಿಯಲ್ಲಿ ಗಂಟೆಗೆ 100 ಕಿಲೋಮೀಟರ್‌ನಲ್ಲಿ ಎಳೆಯುವ ಅನುಮತಿಗೆ ಟೈರ್ 6 ವರ್ಷಕ್ಕಿಂತ ಹಳತಾಗಿರಬಾರದು.

ನೋಡಲು ಹೋದ ದಿನ ಜೋಡಿಸಿಟ್ಟ ಗ್ಲೈಡರ್ ನೋಡಿ ಬರಬೇಡಿ. ಟ್ರೇಲರ್‌ನಿಂದ ನೀವೇ ಇಳಿಸಿ ಜೋಡಿಸಿ. ಒಂದೊಂದು ರೆಕ್ಕೆಯೂ 60-70 ಕಿಲೋ ತೂಗುತ್ತದೆ, ವರ್ಷವಿಡೀ ಅದನ್ನು ಎತ್ತುವವರು ನೀವೇ ಅಲ್ವಾ? ಪಿನ್‌ಗಳು ಸರಾಗವಾಗಿ ಹೋಗುತ್ತವಾ ನೋಡಿ. ಜೋಡಿಸಿದ ಮೇಲೆ ರೆಕ್ಕೆಯ ತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದಾಗ ಬುಡದಲ್ಲಿ ಕಟಕಟ ಅಂದರೆ ಪಿನ್ ಸವೆದಿದೆ.

ಈಗ ಇಡೀ ಬರಹದಲ್ಲಿ ಅತಿ ಮುಖ್ಯವಾದ ಭಾಗ. ಎಲ್‌ಎಸ್8, ಎಎಸ್‌ಡಬ್ಲ್ಯು 27ರಲ್ಲಿ ರೆಕ್ಕೆ ಸೇರಿಸಿದರೆ ಏಲರಾನ್, ಏರ್‌ಬ್ರೇಕ್‌ಗಳ ಕೊಂಡಿ ತಾನಾಗಿ ಕೂಡುತ್ತದೆ. ಎಎಸ್‌ಡಬ್ಲ್ಯು 20ರಲ್ಲಿ, ಹಳೇ ಎಲ್‌ಎಸ್4ರಲ್ಲಿ, ಕೈಯಿಂದ ಕೂಡಿಸಬೇಕು. ಲೊತೆಲಿಯೆ ಎಂಬ ಫ್ರೆಂಚ್ ಕೊಂಡಿ ಅದು. ಒಂದು ಕಡೆ ಗುಂಡು, ಇನ್ನೊಂದು ಕಡೆ ಅದನ್ನು ನುಂಗುವ ಬಟ್ಟಲು, ಅದರೊಳಗೆ ಸ್ಪ್ರಿಂಗ್‌ನ ಪುಟ್ಟ ಬೆಣೆ. ದೇಹದ ಮೇಲಿನ ಕಿಂಡಿಯಲ್ಲಿ ಕೈ ತೂರಿಸಿ, ಅರ್ಧ ಕಣ್ಣಿಗೆ ಕಾಣುವ ಅರ್ಧ ಕಾಣದ ಜಾಗದಲ್ಲಿ ಕೂಡಿಸಬೇಕು. ಬಟ್ಟಲು ಗುಂಡಿನ ಮೇಲೆ ಸುಮ್ನೆ ಕೂತಿದ್ದರೂ ಕೂಡಿದ ಹಾಗೇ ಕಾಣುತ್ತದೆ. ಬೆಣೆಯ ತೂತಿನಲ್ಲಿ ಸೇಫ್ಟಿ ಪಿನ್ ತೂರಿದರೆ, ಅಥವಾ ವೇಡೆಕಿಂಡ್ ಎಂಬ ಲಾಕ್ ಕವಚವನ್ನು ಜಾರಿಸಿ ಬಿಗಿ ಮಾಡಿದರೆ ಮಾತ್ರ ಕೂಡಿತು ಅಂತ ಲೆಕ್ಕ. ಇದನ್ನು ಮಾಡದೆ ಹಾಗೇ ಹಾರಿದವರು ಪ್ರಾಣ ಕಳೆದುಕೊಂಡಿದ್ದಾರೆ.

ಆಮೇಲೆ ಒಬ್ಬರು ಏಲರಾನ್ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕಾಕ್‌ಪಿಟ್‌ನಿಂದ ಸ್ಟಿಕ್ ಒತ್ತಬೇಕು. ಎರಡೂ ಏಲರಾನ್, ಏರ್‌ಬ್ರೇಕ್, ಫ್ಲಾಪ್, ಎಲಿವೇಟರ್, ರಡ್ಡರ್ ಒಂದೊಂದಾಗಿ. ಸುಮ್ನೆ ಅಲ್ಲಾಡುತ್ತದೆಯಾ ಅಂತ ನೋಡಿದರೆ ಸಾಲದು, ತಡೆದಾಗ ಒತ್ತಡ ತಲುಪುತ್ತದೆಯಾ ಅಂತ ನೋಡಬೇಕು. ಈ ಪರೀಕ್ಷೆ ನಡೆಯುವಾಗ ಯಾರಾದರೂ ಕಾಫಿಗೆ ಕರೆದರೆ ಹೋಗಬೇಡಿ. ಹೋದಿರೋ, ಬಂದು ಮೊದಲಿನಿಂದ ಶುರು ಮಾಡಿ.

ಕೊಂಡ ಮೇಲೆ

ಸಿಲಿಕೋನ್ ಇಲ್ಲದ ಗಟ್ಟಿ ವ್ಯಾಕ್ಸ್ ಹಾಕಿ. ಸಿಲಿಕೋನ್ ಒಮ್ಮೆ ಮೇಲ್ಮೈಗೆ ಸೇರಿದರೆ ಮುಂದೆ ರಿಪೇರಿಯ ಬಣ್ಣ ಕಚ್ಚುವುದಿಲ್ಲ. ಒದ್ದೆ ರೆಕ್ಕೆಗೆ ಹೊದಿಕೆ ಹಾಕಬೇಡಿ, ಟ್ರೇಲರಿಗೂ ತಳ್ಳಬೇಡಿ. ಮೊದಲು ಒರೆಸಿ, ಒಣಗಿಸಿ. ನೀರು ತುಂಬಿ ಹಾರಿದ ದಿನ ಟ್ಯಾಂಕ್ ಖಾಲಿ ಮಾಡಿದ ಮೇಲೂ ವಾಲ್ವ್ ತೆರೆದೇ ಇಡಿ. ನೀರು ಎರಡೂ ರೆಕ್ಕೆಯಿಂದ ಒಂದೇ ಸಮನೆ ಹೊರಬರುತ್ತದೆಯಾ ಅಂತ ನೆಲದ ಮೇಲೇ ಒಮ್ಮೆ ಪರೀಕ್ಷಿಸಿ. ಒಂದು ಕಡೆ ಕಟ್ಟಿಕೊಂಡರೆ ಇಳಿಯುವಾಗ ಒಂದು ರೆಕ್ಕೆ ಭಾರ.

ಕ್ಯಾನೊಪಿಯನ್ನು ಬಿಸಿಲಲ್ಲಿ ತೆರೆದಿಟ್ಟು ಹೋಗುವುದು ಬೇಡವೇ ಬೇಡ. ಆ ಬಾಗಿದ ಪ್ಲೆಕ್ಸಿಗ್ಲಾಸ್ ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಸೇರಿಸಿ ಉಪಕರಣದ ಫಲಕಕ್ಕೋ ಸೀಟಿಗೋ ಬೆಂಕಿ ಹತ್ತಿಸಬಹುದು. ಒಣ ಬಟ್ಟೆಯಿಂದ ಅದನ್ನು ಉಜ್ಜಲೂಬೇಡಿ, ಬೇಕಾದಷ್ಟು ನೀರು ಹಾಕಿ ತೊಳೆಯಿರಿ. ಹೊಸ ಕ್ಯಾನೊಪಿ ಸಾವಿರಾರು ಯೂರೋ ಮಾತು.

ರೆಕ್ಕೆಯ ಹಿಂದಂಚಿನ ಸಂದು ಮುಚ್ಚುವ ಮೈಲಾರ್ ಪಟ್ಟಿ, ಗಾಳಿಯ ಹರಿವು ತಿದ್ದುವ ಅಂಕುಡೊಂಕು ಟೇಪು ಏಳುತ್ತಿದ್ದರೆ ಬದಲಿಸಿ. ಸಣ್ಣ ಖರ್ಚು, ಆದರೆ ಗ್ಲೈಡ್‌ನಲ್ಲಿ ಕಾಣುತ್ತದೆ. ಏರುವ ಇಳಿಯುವ ವೇಗ ತೋರಿಸುವ ವೇರಿಯೋಮೀಟರ್ ವಿಚಿತ್ರವಾಗಿ ಆಡಿದರೆ ಹೊಸ ಉಪಕರಣ ತರುವ ಮುಂಚೆ ಕೊಳವೆಗಳ ಸೋರಿಕೆ ನೋಡಿ. ಬಹಳ ಸಲ ಹಳೇ ರಬ್ಬರ್ ಟ್ಯೂಬ್ ಸೀಳಿರುತ್ತದೆ.

ಫ್ಲಾರ್ಮ್ ಇಲ್ಲದ ಗ್ಲೈಡರಾದರೆ ಬೆಲೆಯಲ್ಲಿ ಅದಕ್ಕೆ ಹಣ ಎತ್ತಿಟ್ಟುಕೊಳ್ಳಿ. ಡಿಕ್ಕಿ ತಪ್ಪಿಸುವ ಈ ಪೆಟ್ಟಿಗೆ ಸ್ವಿಟ್ಜರ್ಲೆಂಡ್‌ನಲ್ಲಿ 2004ರಲ್ಲಿ ಬಂತು. ಈಗ ಆಲ್ಪ್ಸ್‌ನಲ್ಲಿ ಅದಿಲ್ಲದೆ ಹಾರುವವರು ಅಪರೂಪ.

ಕೊನೆಗೆ ತಾರೀಖು ನೋಡಿಕೊಂಡು ಬದಲಿಸಬೇಕಾದವು. ಸೀಟ್ ಬೆಲ್ಟ್‌ಗಳಿಗೆ ತಯಾರಕರು ಆಯಸ್ಸು ಕಟ್ಟಿರುತ್ತಾರೆ, ಸಾಮಾನ್ಯವಾಗಿ 12 ವರ್ಷ. ಬೆಲ್ಟ್ ಎಷ್ಟೇ ಹೊಸದಾಗಿ ಕಂಡರೂ ತಪಾಸಣೆಯವರು ಒಪ್ಪುವುದಿಲ್ಲ. ಗ್ಲೈಡರ್ ಎಳೆಯುವ ಹಗ್ಗ ಸಿಕ್ಕಿಸುವ ಟೋಸ್ಟ್ ಕಂಪನಿಯ ಕೊಕ್ಕೆಯನ್ನು 2000 ಲಾಂಚ್ ಆದ ಮೇಲೆ ಕಾರ್ಖಾನೆಗೆ ಕಳಿಸಬೇಕು. ಕಳಿಸುವುದಿದ್ದರೆ ನವೆಂಬರ್‌ನಲ್ಲೇ ಬಿಚ್ಚಿ ಕಳಿಸಿ. ಫೆಬ್ರವರಿಗೆ ಎಲ್ಲ ಕ್ಲಬ್ಬಿನ ಕೊಕ್ಕೆಗಳೂ ಒಟ್ಟಿಗೆ ಹೋಗಿ ಸಾಲು ನಿಂತಿರುತ್ತವೆ.